ಸಹಿ ನೆಟ್ಟಗಿರುವಾಗಲೇ

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಶಿರಸಿಯಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಹತ್ತು ದಿನ ಅಲ್ಲೇ ಇದ್ದು ಬಂದೆವು. ಮಾತು ಬೇಗ ವಾಪಸ್ ಬಂತು. ಅಡಿಕೆ ರೇಟು, ಎರಡನೇ ಮದ್ದು ಹೊಡೆಯುವ ದಿನ, ಯಾರು ಕೈಗಡ ತಗೊಂಡು ಇನ್ನೂ ಕೊಟ್ಟಿಲ್ಲ ಅನ್ನುವುದು, ಎಲ್ಲ ಅವರಿಗೆ ನೆನಪಿದೆ. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಐವತ್ತು ವರ್ಷ ಒಂದೇ ಥರ ಬೀಳುತ್ತಿದ್ದ ಸಹಿ ಈಗ ಜೇಡನ ಕಾಲಿನಂತೆ ಹರಡುತ್ತದೆ.

ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಆಳುಗಳಿಗೆ ದುಡ್ಡು ಬೇಕಾಯಿತು. ಅಣ್ಣ ಚೆಕ್ ಹಿಡಿದು ಬ್ಯಾಂಕಿಗೆ ಹೋದ. ಸಹಿ ತಾಳೆಯಾಗುವುದಿಲ್ಲ ಎಂದು ವಾಪಸ್ ಕಳಿಸಿದರು. ಮನೆಗೆ ಬಂದವನೇ, “ಒಂದು ಜಿಪಿಎ ಮಾಡಿಸಿಬಿಡೋಣ, ಮುಗೀತು” ಎಂದ. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಅಪ್ಪನ ಪರವಾಗಿ ಬೇರೆಯವರು ಸಹಿ ಹಾಕಲು ಬರೆದುಕೊಡುವ ಅಧಿಕಾರ. ನಾನು ಕುಮಟೆಯಿಂದ, ತಂಗಿ ಬೆಂಗಳೂರಿನಿಂದ, ಫೋನಿನಲ್ಲೇ ಹೂಂ ಎಂದೆವು. ಅಪ್ಪ ಮಾತ್ರ ಎಡಗೈಯಲ್ಲಿ ಕವಳದ ಬಟ್ಟಲು ಎಳೆದುಕೊಂಡು, “ಆನಿನ್ನೂ ಸತ್ತಿದ್ನಿಲ್ಲೆ ಅಲ್ದ?” ಎಂದರು.

ಆಮೇಲೆ ಏಳೆಂಟು ತಿಂಗಳು ವಕೀಲರ ಮನೆ, ಸಬ್ ರಿಜಿಸ್ಟ್ರಾರ್ ಕಚೇರಿ, ನಾಡಕಚೇರಿ ಎಂದು ಓಡಾಡಿದೆ. ರಜೆ ಎಲ್ಲ ಅದಕ್ಕೇ ಹೋಯಿತು. ಆ ಓಡಾಟದಲ್ಲಿ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಅರ್ಥವಾದದ್ದು ಇದು: ನಮ್ಮ ಕಡೆ ಎಲ್ಲರೂ ನಂಬಿಕೊಂಡಿರುವ ಆ ಜಿಪಿಎ, ನಿಜವಾಗಿ ಬೇಕಾಗುವ ಹೊತ್ತಿಗೇ ಕೈಕೊಡುವ ಕಾಗದ.

ಮುಖತ್ಯಾರ ಪತ್ರದ ಆಯುಷ್ಯ

ಹಿರಿಯರು ಇದನ್ನು ಮುಖತ್ಯಾರ ಪತ್ರ ಅನ್ನುತ್ತಾರೆ. ನನ್ನ ಪರವಾಗಿ ಇವನು ಕೆಲಸ ಮಾಡಬಹುದು ಎಂದು ಬರೆದುಕೊಡುವುದು. ಒಂದು ಕೆಲಸಕ್ಕೆ ಮಾತ್ರ ಕೊಟ್ಟರೆ ಎಸ್‌ಪಿಎ, ಹತ್ತಾರು ಕೆಲಸಕ್ಕೆ ಕೊಟ್ಟರೆ ಜಿಪಿಎ. ಕೊಟ್ಟ ಮೇಲೂ ಯಜಮಾನ ಅಪ್ಪನೇ. ಅಣ್ಣ ಅವರ ಏಜೆಂಟ್ ಅಷ್ಟೆ. ಅಪ್ಪನಿಗೆ ಬೇಡ ಅನ್ನಿಸಿದ ದಿನ ಅದನ್ನು ರದ್ದು ಮಾಡಬಹುದು.

ಏಜೆಂಟನ ಅಧಿಕಾರ ಯಜಮಾನನ ಬುದ್ಧಿಗೆ ಅಂಟಿಕೊಂಡಿರುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಂ ಹೇಳುವುದು ಇದನ್ನೇ: ಅಧಿಕಾರ ಕೊಟ್ಟವರು ತೀರಿಕೊಂಡರೆ, ಅಥವಾ ಅವರ ಬುದ್ಧಿ ಸ್ಥಿಮಿತ ತಪ್ಪಿದರೆ, ಏಜೆನ್ಸಿ ಮುಗಿಯಿತು. ಅಪ್ಪ ಕೋಮಾಕ್ಕೆ ಹೋದರೆ, ಅಥವಾ ಅರಳು ಮರಳು ಜಾಸ್ತಿಯಾಗಿ ಮಕ್ಕಳ ಗುರುತೇ ಸಿಗದಂತಾದರೆ, ಕಪಾಟಿನಲ್ಲಿರುವ ಜಿಪಿಎಗೆ ಜೀವ ಇರುವುದಿಲ್ಲ. ಬುದ್ಧಿ ಹೋದ ಮೇಲೂ ನಡೆಯುವಂಥ ಅಧಿಕಾರಪತ್ರ ಕೆಲವು ದೇಶಗಳಲ್ಲಿ ಇದೆ. ನಮ್ಮಲ್ಲಿ ಅದಕ್ಕೆ ಕಾನೂನೇ ಆಗಿಲ್ಲ.

ಸಾವಿನ ನಂತರದ ಕತೆಯೂ ಅದೇ. ತಿಥಿ ಖರ್ಚಿಗೆಂದು ತೀರಿಕೊಂಡವರ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯುವುದು ಊರಲ್ಲಿ ಮಾಮೂಲು. ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ನಾಳೆ ಅಣ್ಣತಮ್ಮಂದಿರಲ್ಲಿ ಜಗಳವಾದರೆ ಮೊದಲು ತೆಗೆಯುವ ಪ್ರಶ್ನೆ ಅದೇ ಆಗಿರುತ್ತದೆ.

ಇನ್ನು ಕಾರವಾರ, ಗೋಕರ್ಣದ ಕಡೆ “ಜಿಪಿಎ ಮೇಲೆ ಜಾಗ ತಗೊಂಡೆ” ಅನ್ನುವವರನ್ನು ನೋಡಿದ್ದೇನೆ. ಜಿಪಿಎಯಿಂದ ಆಸ್ತಿಯ ಹಕ್ಕು ವರ್ಗವಾಗುವುದಿಲ್ಲ, ಅದಕ್ಕೆ ನೋಂದಣಿಯಾದ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ.

ಹಾಗಾದರೆ ಬುದ್ಧಿಯೇ ಹೋದವರ ವ್ಯವಹಾರ ಯಾರು ನೋಡಬೇಕು? ಇಲ್ಲಿ ಕಾನೂನು ನಿಜಕ್ಕೂ ತೇಪೆ ಹಾಕಿದ ಬಟ್ಟೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ರಕ್ಷಕರನ್ನು ನೇಮಿಸುವ ವ್ಯವಸ್ಥೆ ಇದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇಂಥವಕ್ಕೆ. ವಯಸ್ಸಾದ ಮೇಲೆ ಬರುವ ಮರೆವಿನ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ನಾವೇ ಹೆಸರಿಸಬಹುದು. ಅವರ ಮಾತು ಚಿಕಿತ್ಸೆಗೆ ಮಾತ್ರ ನಡೆಯುತ್ತದೆ, ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಕೊನೆಗೆ ಉಳಿಯುವುದು ಹೈಕೋರ್ಟ್. ಕೋಮಾದಲ್ಲಿರುವವರಿಗೆ ರಕ್ಷಕರನ್ನು ಹೇಗೆ ನೇಮಿಸಬೇಕು ಎಂದು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂಥದ್ದಕ್ಕೆ ಹೋಗಬೇಕಾದದ್ದು ಧಾರವಾಡ ಪೀಠಕ್ಕೆ. 2008ರಲ್ಲಿ ಅದು ಶುರುವಾಗುವ ಮೊದಲು ಬೆಂಗಳೂರಿಗೇ ಓಡಬೇಕಿತ್ತು. ಈಗ ದಾರಿ ಹತ್ತಿರ, ಆದರೂ ವಕೀಲರ ಫೀಸು, ವೈದ್ಯರ ವರದಿ, ವಾಯಿದೆ ಯಾವುದೂ ತಪ್ಪುವುದಿಲ್ಲ.

ಇಷ್ಟು ಕೇಳಿದ ಮೇಲೂ ನಾವು ಮುಖತ್ಯಾರ ಪತ್ರ ಮಾಡಿಸಿದೆವು. ಕೈ ಹೋಗಿ ತಲೆ ಸರಿ ಇರುವ ನಮ್ಮಪ್ಪನಂಥವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅಧಿಕಾರ ಕಡಿಮೆ ಮಾಡಿ ಬರೆಸಿದೆವು. ಬ್ಯಾಂಕು, ಸೊಸೈಟಿ ಲೆಕ್ಕ, ಹೆಸ್ಕಾಂ, ತಾಲೂಕು ಕಚೇರಿ ಅಷ್ಟೇ. ಮಾರುವ, ಅಡವಿಡುವ ಅಧಿಕಾರ ಇಲ್ಲ. ಅಣ್ಣನಿಗೆ ಸ್ವಲ್ಪ ಬೇಜಾರಾಯಿತು. ದಿನಾ ಅಪ್ಪನ ಬೆನ್ನು ತೊಳೆಯುವವನು ಅವನು, ಷರತ್ತು ಹಾಕುವವರು ನಾವು! ಆದರೆ ಹೀಗೆ ಬರೆಸಿದ್ದರಿಂದ ಅವನ ಮೇಲೆ ಯಾರೂ ನಾಳೆ ಬೆರಳು ತೋರಿಸುವಂತಿಲ್ಲ. ಅದನ್ನು ಅವನೂ ಆಮೇಲೆ ಒಪ್ಪಿದ.

ಇಲ್ಲಿ ಒಂದು ಉಪಯೋಗದ ಮಾತು. ಹಾಸಿಗೆ ಹಿಡಿದವರನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಿಸಬೇಕಾಗಿಲ್ಲ. 1908ರ ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ ಕಾರಣ ಕೊಟ್ಟು ಅರ್ಜಿ ಹಾಕಿ, ಶುಲ್ಕ ಕಟ್ಟಿದರೆ ಅಧಿಕಾರಿಯೇ ಮನೆಗೆ ಬರಬಹುದು. ನಮ್ಮಲ್ಲಿಗೂ ಬಂದರು. ಅವರು ಅಪ್ಪನ ಹತ್ತಿರ ಮೊದಲು ಕೇಳಿದ್ದು ಹೆಸರು, ಊರು, ಮಕ್ಕಳೆಷ್ಟು, ಈ ಕಾಗದದಲ್ಲಿ ಏನಿದೆ ಎಂದು. ಅದಕ್ಕೆ ಉತ್ತರ ಹೇಳುವಷ್ಟು ತಲೆ ಇರುವಾಗಲೇ ಕರೆಸಬೇಕು.

ಬ್ಯಾಂಕಿನ ಕೌಂಟರಿನಲ್ಲಿ

ಸಹಿ ತಾಳೆಯಾಗದ ಕತೆಗೆ ಪರಿಹಾರ ಜಿಪಿಎಗಿಂತ ಸುಲಭವಾಗಿತ್ತು. ವಯಸ್ಸಾದ, ಕಾಯಿಲೆಯ ಗ್ರಾಹಕರಿಗೆ ರಿಸರ್ವ್ ಬ್ಯಾಂಕಿನ ನಿಯಮ ಮೊದಲಿನಿಂದಲೂ ಇದೆ. ಕೈಬೆರಳಿನ ಅಥವಾ ಕಾಲ್ಬೆರಳಿನ ಹೆಬ್ಬೆಟ್ಟು ಒತ್ತಿ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಅದನ್ನು ಗುರುತಿಸಿದರೆ ದುಡ್ಡು ಕೊಡಬೇಕು. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಎಪ್ಪತ್ತು ದಾಟಿದವರ ಮನೆಗೇ ಬಂದು ಸೇವೆ ಕೊಡಿ ಎಂದು 2017ರಲ್ಲಿ ಬ್ಯಾಂಕುಗಳಿಗೆ ಸೂಚನೆಯೂ ಹೋಗಿದೆ. ಇದನ್ನು ಬರಹದಲ್ಲಿ ಕೇಳಿದ ಮೇಲೆ ಮ್ಯಾನೇಜರೇ ಒಂದು ಸಂಜೆ ಮನೆಗೆ ಬಂದು, ಚಾ ಕುಡಿದು, ಕೆಲಸ ಮುಗಿಸಿ ಹೋದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ.

ಆಯಿಯ (ಅಮ್ಮನ) ಹೆಸರನ್ನು ಅಪ್ಪನ ಖಾತೆಗೆ ಸೇರಿಸಿ, “ಯಾರಾದರೊಬ್ಬರು ಅಥವಾ ಉಳಿದವರು” ಎಂದು ಮಾಡಿಸಿದೆವು. ಇದರಿಂದ ದಿನದ ಖರ್ಚು ನಿಲ್ಲುವುದಿಲ್ಲ. ಹಳೆಯ ಠೇವಣಿಗಳಲ್ಲಿ ಎಷ್ಟೋ ಅಜ್ಜನ ಕಾಲದ ನಾಮಿನಿ ಹೆಸರುಗಳಿದ್ದವು, ಅದರಲ್ಲಿ ಇಬ್ಬರು ಬದುಕಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು. ಸೊಸೈಟಿಯ ಷೇರು, ಠೇವಣಿಗೆ ಬೇರೆ ಫಾರ್ಮು. ಅದನ್ನು ನಮ್ಮ ಕಡೆ ಎಲ್ಲರೂ ಮರೆಯುತ್ತಾರೆ. ಅಡಿಕೆ ಬೆಳೆಗಾರನ ಬದುಕೆಲ್ಲ ಸೊಸೈಟಿ ಪಾಸ್‌ಬುಕ್ಕಿನಲ್ಲೇ ಇರುತ್ತದೆ ಅಲ್ವಾ.

ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ. ದುಡ್ಡನ್ನು ಬ್ಯಾಂಕಿನಿಂದ ಇಸಿದುಕೊಳ್ಳುವ ಕೈ ಅಷ್ಟೆ. ಇಸಿದುಕೊಂಡದ್ದನ್ನು ಕಾನೂನಿನ ಪ್ರಕಾರ ಯಾರಿಗೆ ಸೇರಬೇಕೋ ಅವರಿಗೆ ಕೊಡಬೇಕು. ಷೇರುಗಳ ವಿಷಯದಲ್ಲೂ ಹೀಗೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. ನಾಮಿನಿಯೂ ಇಲ್ಲ, ಮೃತ್ಯುಪತ್ರವೂ ಇಲ್ಲ, ದುಡ್ಡು ದೊಡ್ಡದು ಅಂದರೆ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಲು ಹೇಳುತ್ತಾರೆ. ಅದು ತಿಂಗಳುಗಟ್ಟಲೆ ಕೆಲಸ.

ಮೃತ್ಯುಪತ್ರ

ಹೆಸರು ಕೇಳಿದರೆ ಹಿರಿಯರು ಸಿಡುಕುತ್ತಾರೆ. ಅಪ್ಪನೂ ಸಿಡುಕಿದರು. ಆಯಿ ದಾರಿ ಮಾಡಿಕೊಟ್ಟಳು. “ನನಗೆ ಏನು ಇಟ್ಟಿದ್ದೀರಿ, ಬರೆದಿಡಿ” ಎಂದಳು. ಆಮೇಲೆ ಅವರು ತಾವಾಗೇ ವಕೀಲರಿಗೆ ಫೋನ್ ಮಾಡಿಸಿದರು.

ಉಯಿಲು ಬರೆಯುವುದು ಜನ ತಿಳಿದುಕೊಂಡಷ್ಟು ಕಷ್ಟವಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರು ಸಹಿ ಹಾಕಬೇಕು, ಆಗದಿದ್ದರೆ ಹೆಬ್ಬೆಟ್ಟು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿ, ಬರೆದವರ ಎದುರಿಗೇ ತಾವೂ ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ ಎಂದೇ ನಾನು ಹೇಳುವುದು. ಕೈ ನಡುಗುವವರ ಉಯಿಲಿನ ಮೇಲೆ ಅನುಮಾನ ಬರುವುದು ಸುಲಭ. ಅದೇ ವಾರ ವೈದ್ಯರಿಂದ “ಬುದ್ಧಿ ಸರಿಯಾಗಿದೆ” ಎಂಬ ಚೀಟಿಯನ್ನೂ ತಗೊಳ್ಳಿ. ಗುಟ್ಟಾಗಿಡಬೇಕು ಎನ್ನುವವರು ಲಕೋಟೆಗೆ ಮೊಹರು ಹಾಕಿ ಕಾರವಾರದ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಇಟ್ಟುಬಿಡಬಹುದು.

ಸಾಕ್ಷಿಗಳ ವಿಷಯದಲ್ಲಿ ಊರಿನ ಪದ್ಧತಿಯೇ ತಪ್ಪು. ಮರ್ಯಾದೆಗೆಂದು ಅಪ್ಪನ ವಾರಿಗೆಯ ಇಬ್ಬರು ಭಟ್ಟರನ್ನೋ ಹೆಗಡೆಯವರನ್ನೋ ಕರೆಯುತ್ತೇವೆ. ಮುಂದೆ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಎಂಬತ್ತೈದರ ಸಾಕ್ಷಿ ಆ ಹೊತ್ತಿಗೆ ಎಲ್ಲಿರುತ್ತಾರೋ? ನಲವತ್ತರ ಆಸುಪಾಸಿನವರು, ಆಸ್ತಿಯಲ್ಲಿ ಪಾಲಿಲ್ಲದವರು, ಊರಲ್ಲೇ ಇರುವವರು ಆದರೆ ಒಳ್ಳೆಯದು.

ಇನ್ನು ನಿಜವಾದ ಗಂಟು. ಅಪ್ಪ ಉಯಿಲು ಬರೆಯಬಹುದಾದದ್ದು ತಮ್ಮ ಹಕ್ಕಿನದಕ್ಕೆ ಮಾತ್ರ. ಪಹಣಿಯಲ್ಲಿ ಅವರೊಬ್ಬರದೇ ಹೆಸರಿದೆ ಎಂದ ಮಾತ್ರಕ್ಕೆ ತೋಟವೆಲ್ಲ ಅವರ ಸ್ವಂತದ್ದು ಎಂದಾಗುವುದಿಲ್ಲ. ಪಹಣಿ, ಖಾತೆ ಇವು ಕಂದಾಯದ ಲೆಕ್ಕಕ್ಕೆ ಇಟ್ಟ ದಾಖಲೆ. ಹಕ್ಕು ಅದರಿಂದ ಹುಟ್ಟುವುದಿಲ್ಲ. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಗೇಣಿ ಜಮೀನು ಪಡೆದ ಮನೆಗಳಲ್ಲಿ ಈ ಗೊಂದಲ ಜಾಸ್ತಿ. ಅರ್ಜಿ ಹಾಕಿದ್ದು ಹಿರಿಯ ಮಗ, ಗೇಣಿ ಮಾಡಿದ್ದು ಇಡೀ ಮನೆ. ಹಾಗಿದ್ದಾಗ ಅದು ಕುಟುಂಬದ ಆಸ್ತಿ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ.

ಕುಟುಂಬದ ಆಸ್ತಿ ಎಂದಾದರೆ ಹೆಣ್ಣುಮಕ್ಕಳೂ ಬಂದರು. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಮಗಳಿಗೆ ಹಕ್ಕು ಸಿಗಲು ಅವಳ ಅಪ್ಪ ಆಗ ಬದುಕಿರಬೇಕಿತ್ತೇ ಎಂಬ ಜಗ್ಗಾಟವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮುಗಿಸಿತು. ಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾಗಿ ಹಿಸ್ಸೆ ಆಗಿದ್ದರೆ ಅದನ್ನು ಮುಟ್ಟುವಂತಿಲ್ಲ. ನಾನೂ ತಂಗಿಯೂ ತೋಟದಲ್ಲಿ ಪಾಲು ಕೇಳುವವರಲ್ಲ, ಆದರೆ “ಅವರು ಕೇಳುವುದಿಲ್ಲ” ಎಂದು ನಮ್ಮ ಪರವಾಗಿ ಬೇರೆಯವರು ಹೇಳುವುದು ನನಗೆ ಸರಿ ಕಾಣಲಿಲ್ಲ. ಬಿಟ್ಟುಕೊಡುವುದಾದರೆ ನಾವೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಬೇಕು, ನೋಂದಣಿ ಆಗಬೇಕು. ಬಾಯಿಮಾತು ಮುಂದಿನ ತಲೆಮಾರಿಗೆ ಜಗಳ ಕೊಡುತ್ತದೆ.

ಸೊಪ್ಪಿನ ಬೆಟ್ಟವನ್ನು ಉಯಿಲಿನಲ್ಲಿ “ನನ್ನ ಸ್ವಂತ ಜಮೀನು” ಎಂದು ಬರೆಯುವವರಿದ್ದಾರೆ. ಬೆಟ್ಟ ಸರ್ಕಾರದ್ದು. ತೋಟಕ್ಕೆ ಸೊಪ್ಪು, ದರಕು ತರುವ ಸವಲತ್ತು ಮಾತ್ರ ನಮ್ಮದು. ಕಾರವಾರದವರಿಗೆ ಗೋವಾದಲ್ಲಿ ಮನೆ, ಜಾಗ ಇದ್ದರೆ ಅಲ್ಲಿನ ವಕೀಲರನ್ನು ಬೇರೆಯಾಗಿ ಕೇಳಬೇಕು. ಗೋವಾದ ಉತ್ತರಾಧಿಕಾರದ ಕಾನೂನು ಪೋರ್ಚುಗೀಸರ ಕಾಲದಿಂದ ಬಂದದ್ದು. ಅದರಲ್ಲಿ ಅರ್ಧ ಆಸ್ತಿಯನ್ನು ಮಕ್ಕಳಿಗೆ ತಪ್ಪಿಸಲು ಬರುವುದಿಲ್ಲ. ಭಟ್ಕಳದ ಕಡೆಯ ಮುಸ್ಲಿಂ ಕುಟುಂಬಗಳಲ್ಲೂ ಲೆಕ್ಕ ಬೇರೆ. ಉಯಿಲಿನಿಂದ ಕೊಡಬಹುದಾದದ್ದು ಮೂರನೇ ಒಂದು ಪಾಲು, ಅದಕ್ಕಿಂತ ಹೆಚ್ಚಾದರೆ ಉಳಿದ ವಾರಸುದಾರರು ಒಪ್ಪಬೇಕು.

ಅಪ್ಪ ಹೋದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗಬೇಕಾದದ್ದು ಪೌತಿ ಖಾತೆಯಿಂದ. ಮರಣದ ದಾಖಲೆ, ವಂಶವೃಕ್ಷ, ಉಯಿಲಿದ್ದರೆ ಅದು, ಇಷ್ಟು ಹಿಡಿದು ನಾಡಕಚೇರಿಗೆ ಹೋಗಬೇಕು. ಈಗಲೇ ಮಾಡಬಹುದಾದ ಕೆಲಸ ಒಂದಿದೆ: ಅಜ್ಜನ ಹೆಸರಿನಲ್ಲೇ ನಿಂತಿರುವ ಖಾತೆ ಇದೆಯಾ ನೋಡುವುದು. ನಮ್ಮಲ್ಲಿ ಒಂದು ಗದ್ದೆಯ ಉತಾರದಲ್ಲಿ ಮುತ್ತಜ್ಜ ಇನ್ನೂ ಕೂತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಯಾರು ಯಾರು, ಯಾರು ದತ್ತು ಹೋದರು ಎಂದು ಬಾಯಲ್ಲಿ ಹೇಳಬಲ್ಲವರು ಮನೆಯಲ್ಲಿ ಅಪ್ಪ ಒಬ್ಬರೇ. ಒಂದು ಮಧ್ಯಾಹ್ನ ಕೂತು ಬರೆದುಕೊಂಡೆ. ನಾಲ್ಕು ಹಾಳೆ ಆಯಿತು.

ಬರೆದುಕೊಟ್ಟು ಕೈ ಖಾಲಿ

ಕೆಲವರು ಉಯಿಲಿನ ರಗಳೆ ಬೇಡ ಎಂದು ದಾನಪತ್ರ ಮಾಡಿಬಿಡುತ್ತಾರೆ. ದಾನಪತ್ರ ನೋಂದಣಿಯಾದರೆ ಆಸ್ತಿ ಹೋಯಿತು, ಉಯಿಲಿನಂತೆ ನಾಳೆ ಮನಸ್ಸು ಬದಲಿಸಲು ಬರುವುದಿಲ್ಲ. ಮಾಡಲೇಬೇಕಿದ್ದರೆ “ನಮ್ಮನ್ನು ಕೊನೆ ತನಕ ನೋಡಿಕೊಳ್ಳಬೇಕು” ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಅಡಿ, ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬಿಗಿಯಾಗಿ ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪು ಹಿರಿಯರ ಕಡೆ ಸ್ವಲ್ಪ ವಾಲಿತು. ಸುಮ್ನೆ ತೀರ್ಪಿನ ಮೇಲೆ ಭಾರ ಹಾಕುವುದಕ್ಕಿಂತ ಒಂದು ಸಾಲು ಬರೆಸುವುದು ಅಗ್ಗ.

ಈ ದೂರು ಕೊಡುವ ಜಾಗ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿಯಲ್ಲಿ ಈ ಅಧಿಕಾರಿಯ (ಎಸಿ) ಕಚೇರಿ ಇದೆ. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ದಾರಿ ತಿಳಿಯದವರು 14567ಕ್ಕೆ ಫೋನ್ ಮಾಡಬಹುದು, ಅದು ಹಿರಿಯರ ಸಹಾಯವಾಣಿ. ವಕೀಲರಿಗೆ ಕೊಡಲು ದುಡ್ಡಿಲ್ಲದ ಅಮ್ಮಂದಿರಿಗೆ ಇನ್ನೊಂದು ವಿಷಯ ಗೊತ್ತಿರಲಿ: ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅದರ ನಂಬರು 15100.

ಆಸ್ಪತ್ರೆಯ ಕಾಗದವೂ ಒಂದು ಇದೆ. ಇನ್ನು ಗುಣವಾಗುವುದಿಲ್ಲ ಎಂಬ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂದು ಮೊದಲೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, 2023ರಲ್ಲಿ ನಿಯಮ ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿದೆ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಹೊರಡುವ ಜಿಲ್ಲೆ ನಮ್ಮದು. ಆ ಕಾಗದದ ಫೋಟೊ ಮಕ್ಕಳೆಲ್ಲರ ಫೋನಿನಲ್ಲಿ ಇರಬೇಕು. ಘಟ್ಟದಲ್ಲಿ ಗುಡ್ಡ ಕುಸಿದು ಆಂಬುಲೆನ್ಸ್ ನಿಂತಾಗ ಮನೆಯ ಕಪಾಟು ತೆಗೆಯಲು ಆಗುವುದಿಲ್ಲ. ಅಪ್ಪ ಇದಕ್ಕೆ ಮಾತ್ರ ತಕರಾರಿಲ್ಲದೆ ಸಹಿ ಹಾಕಿದರು.

ಇಷ್ಟೆಲ್ಲ ಆಗಿ ಕಾಗದದ ಕೆಲಸ ಮುಗಿಯಿತು ಅನ್ನುವಾಗ, ಗುಡ್ಡದ ಬದಿಯ ಮನೆಯವರು ಬಂದರು. ಅವರದು ಅರಣ್ಯ ಅತಿಕ್ರಮಣದ ಜಾಗ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಾರೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನ ಆಸರೆಯಲ್ಲಿ ಇದ್ದದ್ದನ್ನು ತೋರಿಸಬೇಕು. 1930ರ ದಾಖಲೆ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಆ ಕಾಯ್ದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಸಾಲಿದೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆ, ಬರಹಕ್ಕಿಳಿಸಿದ್ದು, ಅದೂ ಒಂದು ಸಾಕ್ಷ್ಯ. ಹಕ್ಕುಪತ್ರ ಸಿಕ್ಕರೆ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬರುತ್ತದೆ. ಮಕ್ಕಳಿಗೆ ಹೋಗುತ್ತದೆ, ಮಾರಲು ಮಾತ್ರ ಬರುವುದಿಲ್ಲ.

ಅಪ್ಪ ಹುಟ್ಟಿದ್ದು 1943ರಲ್ಲಿ. ತಾನು ಕಣ್ಣಾರೆ ಕಂಡದ್ದನ್ನು ಬೇರೆ, ಅಜ್ಜಿ ಹೇಳಿದ್ದನ್ನು ಬೇರೆ ಮಾಡಿ ಹೇಳಿದರು. ಬರೆಯುತ್ತಿದ್ದ ಹುಡುಗ “ಹಂಚಿನ ಮನೆ” ಎಂದು ಬರೆದಿದ್ದ. ಅಪ್ಪ ತಿದ್ದಿಸಿದರು. ಆಗ ಸೋಗೆ ಮಾಡು, ಹಂಚು ಬಂದದ್ದು ಆಮೇಲೆ. ಬಾವಿ ಎಲ್ಲಿತ್ತು, ಹಲಸಿನ ಮರ ಯಾರು ನೆಟ್ಟದ್ದು, ಎಲ್ಲ ಸೇರಿ ಒಂದೂವರೆ ಪುಟ ಆಯಿತು. ಸಹಿ ಮಾಡಲು ಎರಡು ನಿಮಿಷ ಹಿಡಿಯಿತು. ಅವರು ಕೊನೆಯ ಅಕ್ಷರ ಮುಗಿಸುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ ಇಂಕಿನ ಡಬ್ಬಿ ತಂದ, ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡೆವು.